ಹದಿನೈದೇ ಬಣ್ಣದಲ್ಲಿ ನೆರಳು: ಗೇಮ್ ಬಾಯ್ ಅಡ್ವಾನ್ಸ್ ಶೈಲಿಯ ಪಾತ್ರ

2001ರಲ್ಲಿ ನಿಂಟೆಂಡೊ ತಂದ ಕೈಯಲ್ಲಿ ಹಿಡಿದಾಡುವ ಗೇಮ್ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ 16 ಬಣ್ಣದ ಪ್ಯಾಲೆಟ್ (ಬಣ್ಣಗಳ ಪಟ್ಟಿ) ಬಳಸುವ ಸ್ಪ್ರೈಟ್‌ಗೆ, ಅಂದರೆ ಪರದೆಯಲ್ಲಿ ಚಲಿಸುವ ಪಾತ್ರದ ಚಿತ್ರಕ್ಕೆ, ನಿಜವಾಗಿ ಸಿಗುವುದು 15 ಬಣ್ಣ. ಮೊದಲನೆಯದು ಪಾರದರ್ಶಕಕ್ಕೆ ಮೀಸಲು. ಆ ಪಾತ್ರಗಳ ಕಳೆ ಇರುವುದೇ ಈ ಬಿಗಿಯಲ್ಲಿ. ಹದಿನಾರನೆಯ ಬಣ್ಣ ಬೇಕೆನಿಸಿದರೆ ಪ್ಯಾಲೆಟ್ ಹಿಗ್ಗಿಸಬೇಡಿ, ಇರುವ ಎರಡನ್ನು ಒಂದು ಮಾಡಿ.

ಪಿಕ್ಸೆಲ್ ಚಿತ್ರ ಬಿಡಿಸುವ ತಂತ್ರಾಂಶ ಏಸ್‌ಪ್ರೈಟ್‌ನಲ್ಲಿ 64×64 ಪಿಕ್ಸೆಲ್‌ನ ಕ್ಯಾನ್ವಾಸ್ ತೆರೆದು, ಪ್ಯಾಲೆಟ್‌ನ ಬಣ್ಣಗಳನ್ನಷ್ಟೇ ಬಳಸಲು ಬಿಡುವ ಇಂಡೆಕ್ಸ್ಡ್ ಮೋಡ್ ಆರಿಸಿ. ಚರ್ಮ, ಕೂದಲು, ಅಂಗಿ, ಪ್ಯಾಂಟು ಇವಕ್ಕೆ ತಲಾ ಮೂರು ಛಾಯೆ. ಔಟ್‌ಲೈನ್‌ಗೆ ಒಂದು, ಬಿಳಿ ಒಂದು. ಉಳಿದ ಒಂದನ್ನು ಬೆಲ್ಟಿಗೋ ಬ್ಯಾಗಿಗೋ ಕೊಡಿ. ಶೂಗೆ ಕೂದಲಿನ ಬಣ್ಣವೇ ಸಾಕು.

ಛಾಯೆ ಆರಿಸುವಾಗ ಕಪ್ಪು ಬೆರೆಸಿ ಗಾಢ ಮಾಡಿದರೆ ಚರ್ಮ ಮಸಿ ಹತ್ತಿದಂತೆ ಕಾಣುತ್ತದೆ. ನೆರಳು ನೇರಳೆಯತ್ತ, ಬೆಳಕು ಹಳದಿಯತ್ತ ಸರಿಯಲಿ. ಚರ್ಮಕ್ಕೆ ಕೆಂಪು-ಹಸಿರು-ನೀಲಿ ಲೆಕ್ಕದಲ್ಲಿ 248-208-168 (ತಿಳಿ), 224-160-120 (ನಡು), 168-96-88 (ಗಾಢ) ಚೆನ್ನಾಗಿ ಹೊಂದುತ್ತವೆ. ಎಲ್ಲವೂ 8ರ ಗುಣಕಗಳು, ಏಕೆಂದರೆ ಆ ಯಂತ್ರದಲ್ಲಿ ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ 32 ಹಂತಗಳು ಮಾತ್ರ. ಔಟ್‌ಲೈನ್‌ಗೆ 40-24-48.

ಮೊದಲು ಇಡೀ ಪಾತ್ರಕ್ಕೆ ನಡು ಛಾಯೆ ತುಂಬಿ. ಬೆಳಕು ಎಡ ಮೇಲಿನಿಂದ ಬರುತ್ತಿದೆ ಎಂದುಕೊಂಡು ಗಲ್ಲದ ಕೆಳಗೆ, ಹಣೆಯ ಮೇಲೆ ಕೂದಲು ಬೀಳುವಲ್ಲಿ, ತೋಳು ಮೈಗೆ ತಾಗುವಲ್ಲಿ, ಹಿಂದಿನ ಕಾಲಿನ ಮೇಲೆ ಗಾಢ ಛಾಯೆ ಹಾಕಿ. ಇದು ಗುಂಪುಗುಂಪಾಗಿರಲಿ, ಒಂಟಿ ಪಿಕ್ಸೆಲ್ ಕೊಳೆಯಂತೆ ಕಾಣುತ್ತದೆ. ತಿಳಿ ಛಾಯೆ ಕೊನೆಗೆ, ಅದೂ ಜಿಪುಣತನದಿಂದ: ಮೂಗಿನ ತುದಿ, ಎಡ ಭುಜ, ನೆತ್ತಿಯ ಮೇಲೊಂದು ಬಾಗಿದ ಪಟ್ಟಿ. ಕೂದಲನ್ನು ಎಳೆ ಎಳೆಯಾಗಿ ಬಿಡಿಸಲು ಇಲ್ಲಿ ಜಾಗವಿಲ್ಲ.

ಹೆಚ್ಚಿನವರು ಎಡವುವುದು ಎರಡು ಕಡೆ. ಅಂಚಿನ ಸುತ್ತಲೂ ಗಾಢ, ನಡುವೆ ತಿಳಿ ಹಾಕಿದರೆ ಪಾತ್ರ ದಿಂಬಿನಂತೆ ಉಬ್ಬುತ್ತದೆ. ಬೆಳಕಿಗೆ ದಿಕ್ಕೇ ಇಲ್ಲದಿರುವುದು ಇದಕ್ಕೆ ಕಾರಣ. ಇನ್ನೊಂದು, ಎರಡು ಛಾಯೆಗಳ ಅಂಚಿನ ಮೆಟ್ಟಿಲುಗಳು ಒಂದೇ ಜಾಗದಲ್ಲಿ ತಿರುಗುವುದು. ಆಗ ಪಟ್ಟೆ ಮೂಡಿ ಪಿಕ್ಸೆಲ್‌ಗಳ ಚೌಕ ಎದ್ದು ಕಾಣುತ್ತದೆ. ಒಂದು ಛಾಯೆಯ ತಿರುವನ್ನು ಒಂದೆರಡು ಪಿಕ್ಸೆಲ್ ಆಚೆ ಸರಿಸಿದರೆ ಹೋಗುತ್ತದೆ.

ಬೆಳಕು ಬೀಳುವ ಎಡಭಾಗದ ಔಟ್‌ಲೈನ್‌ಗೆ ಆಯಾ ಭಾಗದ ಗಾಢ ಛಾಯೆಯನ್ನೇ ಬಳಸಿ. ಬಲ ಮತ್ತು ಕೆಳಗೆ ಮಾತ್ರ ಔಟ್‌ಲೈನ್‌ನ ಕಡು ಬಣ್ಣ ಉಳಿಯಲಿ.

ಮ್ಯಾಪ್ ಮೇಲೆ ನಡೆದಾಡುವ 16×32ರ ಪುಟ್ಟ ಪಾತ್ರಕ್ಕೆ ಎಡಬೆಳಕು ಬೇಡ. ಜಾಗ ಉಳಿಸಲು ಎಡಕ್ಕೆ ನಡೆಯುವ ಚಿತ್ರವನ್ನೇ ಯಂತ್ರ ಕನ್ನಡಿಯಂತೆ ತಿರುಗಿಸಿ ಬಲಕ್ಕೂ ಬಳಸಬಲ್ಲದು. ಆಗ ನೆರಳೂ ತಿರುಗಿಬಿಡುತ್ತದೆ. ಬೆಳಕನ್ನು ನೆತ್ತಿಯಿಂದ ನೇರ ಕೆಳಕ್ಕೆ ಬಿಡಿ.

ಮೊದಲ ಮಾದರಿಯ ಪರದೆಗೆ ಹಿಂಬೆಳಕು ಇರಲಿಲ್ಲ, ಗಾಢ ಛಾಯೆಗಳು ಒಂದರಲ್ಲೊಂದು ಮುಳುಗುತ್ತಿದ್ದವು. ಆ ಯಂತ್ರದಲ್ಲೇ ಓಡಿಸುವುದಾದರೆ ಜೂಮ್ ಇಲ್ಲದೆ 100%ರಲ್ಲಿ, ಮಾನಿಟರ್ ಬೆಳಕು ತಗ್ಗಿಸಿ ನೋಡಿ. ನೆರಳು ಔಟ್‌ಲೈನ್‌ನಲ್ಲಿ ಕರಗಿಹೋದರೆ ನೆರಳಿನ ಮೂರೂ ಅಂಕೆಗಳನ್ನು 16ರಷ್ಟು ಏರಿಸಿ.