ಪ್ರೀತಿಯ ಹಳೇ ಕೂಪೆ: ಇಟ್ಟುಕೊಳ್ಳುವುದೋ, ಬದಲಿಸುವುದೋ? ತೀರ್ಮಾನಿಸುವುದು ಹೀಗೆ

ದೊಡ್ಡ ಬಿಲ್ ಬಂದ ವಾರ ಕಾರು ಮಾರಬೇಡಿ. ಹೊಸ ಕಾರು ಓಡಿಸಿ ನೋಡಿ ಬಂದ ದಿನವಂತೂ ಬೇಡವೇ ಬೇಡ. ಮೊದಲನೆಯದರಲ್ಲಿ ಸಿಟ್ಟು ಮಾತಾಡುತ್ತದೆ, ಎರಡನೆಯದರಲ್ಲಿ ಆಸೆ.

ನನ್ನ ಗೆಳೆಯರೊಬ್ಬರು 14 ವರ್ಷ ಜೋಪಾನವಾಗಿ ಓಡಿಸಿದ ಎರಡು ಬಾಗಿಲಿನ ಕೂಪೆಯನ್ನು ಹೀಗೇ ಕಳೆದುಕೊಂಡರು. ಗ್ಯಾರೇಜಿನಿಂದ ಮೂರು ಪುಟದ ಎಸ್ಟಿಮೇಟ್ ಬಂತು. ಕೊನೆಯ ಸಾಲಿನ ಮೊತ್ತ ನೋಡಿ, ಅದೇ ವಾರ ಸಿಕ್ಕ ಬೆಲೆಗೆ ಕೊಟ್ಟುಬಿಟ್ಟರು. ಆರು ತಿಂಗಳ ಮೇಲೆ ಕೊಂಡವರು ಎದುರಾದರು. ಇಂಜಿನ್ ಮೌಂಟ್ (ಇಂಜಿನ್ ಕೂರುವ ರಬ್ಬರಿನ ಆಸರೆ), ಮುಂದಿನ ಬುಷ್‌ಗಳು (ಚಕ್ರದ ತೋಳುಗಳ ಕೀಲಿನ ರಬ್ಬರ್), ನಾಲ್ಕು ಟೈರ್ ಹಾಕಿಸಿದ್ದರಂತೆ, ಅಷ್ಟೇ. ಇನ್ನೊಬ್ಬರದು ಇದಕ್ಕೆ ತದ್ವಿರುದ್ಧ. ಪ್ರೀತಿಗೆ ಕಟ್ಟುಬಿದ್ದು ಮೊದಲು ಬಣ್ಣ ಹೊಡೆಸಿದರು, ಸೀಟಿಗೆ ಹೊಸ ಚರ್ಮ ಹಾಕಿಸಿದರು. ಆಮೇಲೆ ಲಿಫ್ಟಿಗೆ ಏರಿಸಿದಾಗ ತಳವೆಲ್ಲ ತುಕ್ಕು ತಿಂದಿರುವುದು ಗೊತ್ತಾಯಿತು. ಇಬ್ಬರೂ ಮಾಡಿದ ತಪ್ಪು ಒಂದೇ. ಕಾರು ಯಾವ ಸ್ಥಿತಿಯಲ್ಲಿದೆ ಅಂತ ತಿಳಿಯುವ ಮೊದಲೇ ತೀರ್ಮಾನಕ್ಕೆ ಬಂದರು.

ಹೆಜ್ಜೆ 1: ಕಾಗದ ಒಟ್ಟು ಮಾಡಿ

ಹಳೇ ಬಿಲ್‌ಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ. ಯಾವ ಕೆಲಸ ಎಷ್ಟು ಕಿಲೋಮೀಟರಿಗೆ ಆಯಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಾರಿನ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಕೊಟ್ಟು, ಬಾಕಿ ಇರುವ ರೀಕಾಲ್ (ದೋಷವಿರುವ ಭಾಗಕ್ಕೆ ತಯಾರಕರೇ ಕಾರು ವಾಪಸ್ ಕರೆಸಿ ಸರಿಪಡಿಸುವುದು) ಏನಾದರೂ ಇದೆಯಾ ಅಂತ ತಯಾರಕರನ್ನು ಕೇಳಿ. ಇದನ್ನು ದಯವಿಟ್ಟು ಬಿಡಬೇಡಿ. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳು ಎಷ್ಟೋ ದುಬಾರಿ ಕಾರುಗಳಲ್ಲೂ ಇದ್ದವು. ಅವುಗಳೊಳಗಿನ ರಾಸಾಯನಿಕ ವರ್ಷಗಟ್ಟಲೆ ಶಾಖ, ತೇವ ಉಂಡು ಕೆಡುತ್ತದೆ. ಬ್ಯಾಗ್ ಬಿಚ್ಚಿಕೊಳ್ಳುವಾಗ ಅದರ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಮುಖಕ್ಕೆ ಹಾರಬಹುದು. ಅಂಥದ್ದು ನಿಮ್ಮ ಕಾರಿನಲ್ಲಿದ್ದರೆ ಉಳಿದ ಯೋಚನೆಯೆಲ್ಲ ಆಮೇಲೆ. ಮೊದಲು ಅದನ್ನು ಬದಲಿಸಿಕೊಳ್ಳಿ.

ಹೆಜ್ಜೆ 2: ಲಿಫ್ಟಿಗೆ ಏರಿಸಿ, ನೀವೂ ಕೆಳಗೆ ನಿಂತು ನೋಡಿ

ಮೆಕ್ಯಾನಿಕ್ ನೋಡಿ ಹೇಳುತ್ತಾರೆ ಅಂತ ಹೊರಗೆ ಕುರ್ಚಿಯಲ್ಲಿ ಕೂರಬೇಡಿ. ಜೊತೆಗೆ ನಿಲ್ಲಿ. ಮಾರಾಟದ ಕಡೆಯವರು ಬೇಡ. ಕಾರು ನೋಡುವುದಕ್ಕಷ್ಟೇ ದುಡ್ಡು ತೆಗೆದುಕೊಳ್ಳುವ, ಅದೇ ಮಾಡೆಲ್ ಮೇಲೆ ಕೈ ಪಳಗಿದ ಒಬ್ಬರನ್ನು ಹುಡುಕಿ.

ತುಕ್ಕು ಮೊದಲು. ಬಾಗಿಲ ಕೆಳಗಿನ ಪಟ್ಟಿ, ಜಾಕ್ ಇಡುವ ಜಾಗ, ಹಿಂದಿನ ಸಬ್‌ಫ್ರೇಮ್ (ಹಿಂದಿನ ಚಕ್ರಗಳ ಸಸ್ಪೆನ್ಷನ್ ಹೊರುವ ಲೋಹದ ಚೌಕಟ್ಟು) ಕೂರುವ ಜಾಗ ನೋಡಿ. ಬಿಎಂಡಬ್ಲ್ಯು ಇ46 (3 ಸರಣಿಯ ಒಂದು ಹಳೇ ತಲೆಮಾರು) ಕಾರುಗಳಲ್ಲಿ ಈ ಸಬ್‌ಫ್ರೇಮ್ ಜಾಗದ ತಗಡೇ ಬಿರುಕು ಬಿಡುವುದುಂಟು. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ತಿಂದುಹೋದದ್ದು ಡಬ್ ಅನ್ನುತ್ತದೆ. ತಳಕ್ಕೆ ಹೊಸದಾಗಿ ಕಪ್ಪು ಟಾರಿನಂಥ ಲೇಪ ಹೊಡೆದಿದ್ದರೆ ಅನುಮಾನ ಪಡಿ. ತುಕ್ಕಿನ ಮೇಲೇ ಆ ಲೇಪ ಬಳಿದರೆ ನೀರು ಒಳಗೇ ಉಳಿದು, ತಗಡು ಇನ್ನೂ ಬೇಗ ಹೋಗುತ್ತದೆ.

ಕೂಪೆಗೇ ಅಂತ ಕೆಲವು ಕಾಯಿಲೆಗಳಿವೆ. ಎರಡೇ ಬಾಗಿಲಾದ್ದರಿಂದ ಅವು ಉದ್ದ, ಜಾಸ್ತಿ ಭಾರ. ಬಾಗಿಲನ್ನು ಅರ್ಧ ತೆರೆದು, ತುದಿ ಹಿಡಿದು ಮೇಲಕ್ಕೆತ್ತಿ. ಕಟಕ್ ಅಂತ ಆಡಿದರೆ ಕೀಲು ಸವೆದಿದೆ. ಗಾಜಿನ ಸುತ್ತ ಚೌಕಟ್ಟಿಲ್ಲದ ಕಾರಾದರೆ, ಹಿಡಿ ಎಳೆದ ತಕ್ಷಣ ಗಾಜು ಒಂದಿಷ್ಟು ಕೆಳಗಿಳಿಯಬೇಕು, ಬಾಗಿಲು ಹಾಕಿದ ಮೇಲೆ ಏರಿ ರಬ್ಬರಿನೊಳಗೆ ಕೂರಬೇಕು. ಇಳಿಯದಿದ್ದರೆ ಪ್ರತಿ ಸಲವೂ ರಬ್ಬರ್ ಹರಿಯುತ್ತದೆ, ಮಳೆನೀರು ಒಳಗೆ ಬರುತ್ತದೆ. ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ, ಅಂಗೈ ಒತ್ತಿ ನೋಡಿ. ಮೇಲೆ ಒಣಗಿದ್ದರೂ ಕೆಳಗಿನ ಸ್ಪಂಜು ಒದ್ದೆ ಇರುತ್ತದೆ. ಎಷ್ಟೋ ಕಾರುಗಳಲ್ಲಿ ವೈರಿಂಗ್ ಅಲ್ಲೇ ಹಾದುಹೋಗುತ್ತದೆ, ಕೆಲವದರಲ್ಲಿ ಕಂಪ್ಯೂಟರ್ ಡಬ್ಬಿಯೂ ಅಲ್ಲೇ ಇರುತ್ತದೆ. ಸನ್‌ರೂಫಿನ ನೀರು ಇಳಿದುಹೋಗುವ ಸಣ್ಣ ಕೊಳವೆಗಳಲ್ಲಿ ಕಸ ಕಟ್ಟಿಕೊಂಡಿದ್ದರೂ ಇದೇ ಗತಿ.

ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲಗಳು ಕಾರನ್ನು ಹೊರುವ ವ್ಯವಸ್ಥೆ) ಇದ್ದರೆ ಒಂದು ಅಳತೆ ಟೇಪು ಸಾಕು. ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದಿಡಿ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಇಳಿದಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಸೋರಿಕೆ ಬಿಟ್ಟು ಬರೀ ಗಾಳಿ ತುಂಬುವ ಕಂಪ್ರೆಸರ್ ಬದಲಿಸುವುದು ದುಡ್ಡಿಗೆ ದಂಡ. ಬಿಡುವಿಲ್ಲದೆ ಗಾಳಿ ತುಂಬಿ ತುಂಬಿ ಹೊಸದೂ ಸುಟ್ಟುಹೋಗುತ್ತದೆ.

ಟೈರಿನ ವಯಸ್ಸು ಪಕ್ಕದಲ್ಲೇ ಬರೆದಿರುತ್ತದೆ. ಅಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ 2319 ಅಂತಿದ್ದರೆ ಅದು 2019ರ 23ನೇ ವಾರದ್ದು. ಗೆರೆ ಎಷ್ಟೇ ಉಳಿದಿರಲಿ, 10 ವರ್ಷ ದಾಟಿದ ಟೈರಿನಲ್ಲಿ ಯಾರನ್ನೂ ಕೂರಿಸಬೇಡಿ. ನಾನಂತೂ ಏಳಕ್ಕೇ ತೆಗೆಸುತ್ತೇನೆ.

ಹೆಜ್ಜೆ 3: ಸಿಕ್ಕಿದ್ದನ್ನೆಲ್ಲ ಮೂರು ಗುಂಪು ಮಾಡಿ

ಜನ ಎಡವುವುದು ಇಲ್ಲೇ. ಎಸ್ಟಿಮೇಟಿನ ಮೊತ್ತ ನೋಡುತ್ತಾರೆ, ಒಳಗಿನ ಸಾಲುಗಳನ್ನು ಓದುವುದಿಲ್ಲ.

ಮೊದಲ ಗುಂಪು ಬಾಕಿ ಕೆಲಸದ್ದು. ಬ್ರೇಕ್ ದ್ರವ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕೂಲೆಂಟ್, ಸ್ಪಾರ್ಕ್ ಪ್ಲಗ್, ಟೈಮಿಂಗ್ ಬೆಲ್ಟ್ ಎಲ್ಲದಕ್ಕೂ ಅವಧಿ ಇದೆ. ಲೆಕ್ಸಸ್ ಎಸ್‌ಸಿ430ರ 4.3 ಲೀಟರ್ ವಿ8 ಎಷ್ಟು ಗಟ್ಟಿ ಇಂಜಿನ್ ಅಂದರೂ ಬೆಲ್ಟ್ ಬದಲಿಸಲೇಬೇಕು. ಈ ಖರ್ಚು ಕಾರು ಹಳೆಯದಾಯಿತು ಅಂತ ಬಂದದ್ದಲ್ಲ, ನಾವು ಮುಂದೂಡಿದ್ದಕ್ಕೆ ಒಟ್ಟಿಗೆ ಬಂದದ್ದು. ಇದನ್ನು ಕಾರಿನ ಮೇಲಿನ ದೂರಾಗಿ ಎಣಿಸಬೇಡಿ.

ಎರಡನೆಯದು ಸವೆದು ಮುಗಿದದ್ದು. ಬುಷ್, ಶಾಕ್ ಅಬ್ಸಾರ್ಬರ್, ಇಂಜಿನ್ ಮೌಂಟ್, ವಾಟರ್ ಪಂಪ್, ಗಾಜು ಏರಿಸುವ ಯಂತ್ರ. ಕಾರು ಓಡಿರಲಿ ಬಿಡಲಿ, ರಬ್ಬರ್ ವಯಸ್ಸಿಗೇ ಗಟ್ಟಿಯಾಗುತ್ತದೆ. ಹಾಗಾಗಿ ಕಡಿಮೆ ಓಡಿದ ಕಾರಿಗೂ ಇದು ತಪ್ಪಿದ್ದಲ್ಲ. ಒಳ್ಳೇ ಭಾಗ ಹಾಕಿದರೆ ವರ್ಷಗಟ್ಟಲೆ ಆ ಕಡೆ ತಿರುಗಿ ನೋಡಬೇಕಿಲ್ಲ. ಅರ್ಧ ಬೆಲೆಗೆ ಸಿಗುವ ಹೆಸರಿಲ್ಲದ ಬುಷ್‌ಗಳನ್ನು ಮಾತ್ರ ಹಾಕಿಸಬೇಡಿ. ಬೇಗ ಸೀಳುತ್ತವೆ, ಬಿಚ್ಚಿ ಜೋಡಿಸುವ ಕೂಲಿ ಎರಡನೇ ಸಲವೂ ಬೀಳುತ್ತದೆ.

ಮೂರನೆಯದು ಬೇರಿನ ಕಾಯಿಲೆ. ಭಾರ ಹೊರುವ ತಗಡಿನ ತುಕ್ಕು, ಇಂಜಿನ್ನಿನ ಅಥವಾ ಗೇರ್‌ಬಾಕ್ಸಿನ ಒಳಗಿನ ಹಾನಿ, ನೀರು ಕುಡಿದ ವೈರಿಂಗ್, ಹುಡುಕಿದರೂ ಸಿಗದ ಬಿಡಿಭಾಗ. ಕಾರು ಕೊಡಬೇಕೋ ಬೇಡವೋ ಅನ್ನುವುದನ್ನು ಹೇಳುವುದು ಈ ಗುಂಪು ಮಾತ್ರ.

ಕಷ್ಟ ಏನೆಂದರೆ, ಒಂದೇ ಲಕ್ಷಣ ಮೂರರಲ್ಲಿ ಯಾವ ಗುಂಪಿನದ್ದಾದರೂ ಆಗಿರಬಹುದು. ಆಟೋಮ್ಯಾಟಿಕ್ ಕಾರು ಗೇರ್ ಬಿದ್ದಾಗ ಧಡಕ್ ಅನ್ನುತ್ತದೆ ಅಂತಿಟ್ಟುಕೊಳ್ಳಿ. 'ಗೇರ್‌ಬಾಕ್ಸ್ ಹೋಯ್ತು' ಅಂತ ಕೇಳಿದ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಗಟ್ಟಿಯಾಗಿ ತುಳಿದು, ಬಾನೆಟ್ ತೆರೆದಿಟ್ಟು ಗೇರನ್ನು ಡಿಯಿಂದ (ಮುಂದಕ್ಕೆ) ಆರ್‌ಗೆ (ಹಿಂದಕ್ಕೆ) ಹಾಕಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಇಂಜಿನ್ ನೋಡಲಿ, ಕಾರಿನ ಮುಂದೆ ಹಿಂದೆ ಯಾರೂ ಇರಕೂಡದು. ಇಂಜಿನ್ ಎಗರಿ ಕೂತರೆ ಮೌಂಟ್ ಸತ್ತಿರುವ ಸಂಭವ ಹೆಚ್ಚು, ಅದು ಎರಡನೇ ಗುಂಪು. ಅಲುಗದಿದ್ದರೆ ಗೇರ್‌ಬಾಕ್ಸ್ ಎಣ್ಣೆ ನೋಡಿಸಿ. ಮಟ್ಟ ಕಮ್ಮಿ ಇದ್ದರೆ ಅಥವಾ ಎಣ್ಣೆ ಬರೀ ಹಳೆಯದಾಗಿದ್ದರೆ ಮೊದಲ ಗುಂಪು. ಸುಟ್ಟ ವಾಸನೆ ಬಂದು, ತಳದ ಅಯಸ್ಕಾಂತಕ್ಕೆ ಲೋಹದ ಚೂರುಗಳೇ ಅಂಟಿದ್ದರೆ ಮೂರನೆಯದು. ನುಣ್ಣನೆಯ ಬೂದು ಪುಡಿ ಸ್ವಲ್ಪ ಇದ್ದರೆ ಹೆದರಬೇಡಿ, ಅದು ಸಹಜ ಸವೆತ.

'ಈ ಎಣ್ಣೆ ಕಾರಿನ ಜೀವಮಾನಕ್ಕೆ ಸಾಕು, ಬದಲಿಸುವುದು ಬೇಡ' ಅಂತ ಹೇಳುವವರು ಬಹಳ ಮಂದಿ. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ ಅಥವಾ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ. ನಾನು ಅವರ ಮಾತು ಕೇಳುತ್ತೇನೆ.

ಸೋರಿಕೆ ನಿಲ್ಲಿಸುತ್ತೇವೆ ಅನ್ನುವ ಬಾಟಲಿ ಔಷಧಿಗಳನ್ನು ರೇಡಿಯೇಟರಿಗೂ ಹಾಕಬೇಡಿ, ಇಂಜಿನ್ನಿಗೂ ಹಾಕಬೇಡಿ. ತೂತು ಮುಚ್ಚುವ ವಸ್ತು ಹೀಟರಿನ ಸಣ್ಣ ನಾಳಗಳನ್ನೂ ಮುಚ್ಚುತ್ತದೆ. ಎಚ್ಚರಿಕೆ ದೀಪದ ಕೋಡ್ (ಕಾರಿನ ಕಂಪ್ಯೂಟರ್ ದಾಖಲಿಸುವ ದೋಷದ ಸಂಕೇತ) ಅಳಿಸಿ ಸುಮ್ನೆ ಇರುವುದೂ ಬೇಡ. ಕೋಡ್ ಬರೆದಿಟ್ಟುಕೊಳ್ಳಿ. ಯಾವುದು ಮತ್ತೆ ಬರುತ್ತದೋ ಅದೇ ನಿಜವಾದ ಕಾಯಿಲೆ.

ಹೆಜ್ಜೆ 4: ಹೋಲಿಸುವ ಮೊದಲು ಕಾರನ್ನು ಸರಿ ಮಾಡಿ

ಮೂರನೇ ಗುಂಪು ಖಾಲಿ ಇದ್ದರೆ, ಟೈರ್, ಮೌಂಟ್, ಮುಂದಿನ ಬುಷ್‌ಗಳನ್ನು ಮೊದಲು ಹಾಕಿಸಿ, ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಆಮೇಲೆ ಎರಡು ವಾರ ಓಡಿಸಿ. ದಣಿದ ಕಾರನ್ನು ಹೊಸ ಕಾರಿನ ಪಕ್ಕ ನಿಲ್ಲಿಸಿದರೆ ಹೊಸದೇ ಗೆಲ್ಲುತ್ತದೆ, ಅದು ನ್ಯಾಯವಾದ ಹೋಲಿಕೆ ಅಲ್ಲ ಅಲ್ವಾ? ಸವೆತ ದಿನಕ್ಕಿಷ್ಟು ಅಂತ ಆಗುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಕಾರಿನ ಸ್ವಭಾವವೇ ಇಷ್ಟು ಅಂದುಕೊಂಡುಬಿಡುತ್ತೇವೆ. ಹೊಸ ಬುಷ್ ಬಿದ್ದ ದಿನ ಸ್ಟೀರಿಂಗ್ ತಿರುಗಿಸಿ ನೋಡಿ. ಮೊದಲು ಪ್ರೀತಿಸಿದ ಕಾರು ಅಲ್ಲೇ ಸಿಗುತ್ತದೆ.

ಹೆಜ್ಜೆ 5: ಲೆಕ್ಕ ಸರಿಯಾಗಿ ಹಾಕಿ

'ಕಾರಿನ ಬೆಲೆಗಿಂತ ರಿಪೇರಿಯೇ ಜಾಸ್ತಿ' ಅನ್ನುವುದು ಎಲ್ಲರ ಬಾಯಲ್ಲಿರುವ ಮಾತು. ತಪ್ಪು ತಕ್ಕಡಿ ಅದು. ರಿಪೇರಿ ಖರ್ಚನ್ನು ತೂಗಬೇಕಾದದ್ದು ಹಳೇ ಕಾರಿನ ಬೆಲೆಯ ಜೊತೆ ಅಲ್ಲ, ಬೇರೆ ಕಾರು ತಂದರೆ ಆಗುವ ಖರ್ಚಿನ ಜೊತೆ. ಒಂದು ಕಡೆ ಈ ಕಾರನ್ನು ಇನ್ನೆರಡು ವರ್ಷ ಇಟ್ಟುಕೊಳ್ಳಲು ಬೇಕಾಗುವ ರಿಪೇರಿ, ವಿಮೆ, ಇಂಧನ ಬರೆಯಿರಿ. ಇನ್ನೊಂದು ಕಡೆ ಅದೇ ಎರಡು ವರ್ಷಕ್ಕೆ ಹೊಸ ಕಾರಿನ ಬೆಲೆ ಇಳಿಕೆ, ಸಾಲದ ಬಡ್ಡಿ, ತೆರಿಗೆ, ವಿಮೆ, ಇಂಧನ. ಹಳೇ ದುಬಾರಿ ಕಾರಿನ ಬೆಲೆ ಬೀಳುವಷ್ಟು ಬಿದ್ದಾಗಿದೆ. ಹೊಸದರ ದೊಡ್ಡ ಕುಸಿತ ಮೊದಲ ಕೆಲವು ವರ್ಷಗಳಲ್ಲೇ. ಹೋದ ವರ್ಷ ಸುರಿದ ದುಡ್ಡನ್ನು ಯಾವ ಕಡೆಯೂ ಬರೆಯಬೇಡಿ. ಇಟ್ಟುಕೊಂಡರೂ ಕೊಟ್ಟರೂ ಅದು ವಾಪಸ್ ಬರುವುದಿಲ್ಲ.

ಕಾರು ಕೆಟ್ಟು ನಿಂತರೆ ನಿಮಗೆ ಬೇರೆ ಗಾಡಿ ಇದೆಯಾ? ಇಲ್ಲದಿದ್ದರೆ ಗ್ಯಾರೇಜಿನಲ್ಲಿ ಕಳೆಯುವ ದಿನಗಳನ್ನೂ ಖರ್ಚಿನಲ್ಲಿ ಸೇರಿಸಿ.

ಹೆಜ್ಜೆ 6: ಬದಲಿಗೆ ಏನು ಬರುತ್ತದೆ ಅಂತ ನೋಡಿ

ಎರಡು ಬಾಗಿಲಿನ ಕಾರುಗಳು ಕಡಿಮೆಯಾಗುತ್ತಿವೆ. ಮರ್ಸಿಡಿಸ್ 2023ರಲ್ಲಿ ಸಿ-ಕ್ಲಾಸ್, ಇ-ಕ್ಲಾಸ್ ಕೂಪೆಗಳೆರಡರ ಜಾಗಕ್ಕೂ ಸಿಎಲ್‌ಇ ಅನ್ನುವ ಒಂದನ್ನೇ ತಂದಿತು. ಆಡಿ ಟಿಟಿ ಕೂಪೆಯ ತಯಾರಿಕೆ ಅದೇ ವರ್ಷ ನಿಂತಿತು. ಹಳೇ ಮರ್ಸಿಡಿಸ್ ಸಿಎಲ್‌ಕೆ ಕೂಪೆಗೆ ಬಾಗಿಲ ಹಿಂದಿನ ಕಂಬವೇ ಇಲ್ಲ, ನಾಲ್ಕೂ ಗಾಜು ಇಳಿಸಿದರೆ ಪಕ್ಕವೆಲ್ಲ ತೆರೆದುಕೊಳ್ಳುತ್ತದೆ. ಅಂಥದ್ದನ್ನು ಕೊಟ್ಟ ಮೇಲೆ ಅದೇ ಅನುಭವ ಹೊಸದರಲ್ಲಿ ಹುಡುಕುವುದು ಕಷ್ಟ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಪ್ರೀತಿ ಬದಿಗಿಡಿ. ಕಾರು ಜಾರದಂತೆ ತಡೆಯುವ ಇಎಸ್‌ಪಿ 1995ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕೂಪೆಯಲ್ಲಿ ಮೊದಲು ಬಂತು. ಅದಕ್ಕೂ ಹಿಂದಿನ ಕಾರು ನಿಮ್ಮದಾಗಿದ್ದು, ದಿನವೂ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುತ್ತೀರಾದರೆ, ದಿನದ ಓಡಾಟಕ್ಕೆ ಬೇರೆ ಕಾರು ತನ್ನಿ. ಇದನ್ನು ರಜಾದಿನಕ್ಕೆ ಇಟ್ಟುಕೊಳ್ಳಿ. ಹಿಂದಿನ ಸೀಟಿಗೆ ನುಸುಳಲು ಮನೆಯ ಹಿರಿಯರಿಗೆ ಆಗುತ್ತಿಲ್ಲ, ತಗ್ಗು ಸೀಟಿನಿಂದ ಏಳುವಾಗ ನಿಮಗೇ ಮಂಡಿ ನೋಯುತ್ತದೆ ಅಂದರೆ ಅದೂ ಸರಿಯಾದ ಕಾರಣವೇ.

ಹೆಜ್ಜೆ 7: ತೀರ್ಮಾನವನ್ನು ಬರೆದಿಡಿ

ಕೊಡುವುದಾದರೆ ಬಿಲ್‌ಗಳ ಕಟ್ಟು, ಎರಡನೇ ಕೀಲಿ, ಟೇಪಿನ ಅಳತೆ ಬರೆದ ಹಾಳೆ ಎಲ್ಲ ಸೇರಿಸಿ, ಅದೇ ಮಾಡೆಲ್ ಬಲ್ಲವರಿಗೆ ಕೊಡಿ. ಇಟ್ಟುಕೊಳ್ಳುವುದಾದರೆ, ಯಾವ ಮೂರು ತೊಂದರೆ ಬಂದರೆ ಮಾರುತ್ತೇನೆ ಅಂತ ಇವತ್ತೇ, ಮನಸ್ಸು ತಣ್ಣಗಿರುವಾಗ ಒಂದು ಚೀಟಿಯಲ್ಲಿ ಬರೆಯಿರಿ. ಕೆಳಗೆ ತಾರೀಕು, ಓಡಿದ ಕಿಲೋಮೀಟರ್ ಹಾಕಿ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಸರ್ವಿಸ್ ಪುಸ್ತಕದೊಳಗೆ ಇಟ್ಟುಬಿಡಿ. ಮುಂದಿನ ದೊಡ್ಡ ಬಿಲ್ ಬಂದ ದಿನ ಮೊದಲು ಆ ಚೀಟಿ ತೆಗೆದು ಓದಿ.