ಸಕ್ಕರೆ ಕಾಯಿಲೆ ಇದ್ದವರು ಹೃದಯಕ್ಕಾಗಿ ನಡೆಯುವ ಕ್ರಮ

ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಗುರಿಯಿರಲಿ. ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ. ನಡಿಗೆಯಿಂದ ಇನ್ಸುಲಿನ್‌ಗೆ ಸಿಗುವ ಬಲ ಒಂದೆರಡು ದಿನದಲ್ಲೇ ಇಳಿಯುತ್ತದೆ. ಹೊಸಬರು ಊಟವಾದ ಮೇಲೆ 10 ನಿಮಿಷದಿಂದ ಶುರು ಮಾಡಿದರೆ ಸಾಕು. ಮೊದಲ ಮತ್ತು ಕೊನೆಯ 5 ನಿಮಿಷ ನಿಧಾನವಾಗಿ ನಡೆಯಿರಿ.

ವೇಗ ಎಷ್ಟು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬಿಪಿಗೆ ಮೆಟೊಪ್ರೊಲಾಲ್‌ನಂಥ ಮಾತ್ರೆ ತಗೊಳ್ಳುವವರು ನಾಡಿ ಎಣಿಸಿ ವೇಗ ನಿರ್ಧರಿಸಬೇಡಿ. ಆ ಮಾತ್ರೆ ಎದೆಬಡಿತವನ್ನೇ ತಗ್ಗಿಸುತ್ತದೆ, ಸಕ್ಕರೆ ಇಳಿದಾಗ ಬರುವ ನಡುಕವನ್ನೂ ಮರೆಮಾಚುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ (ಸಕ್ಕರೆ ಇಳಿಸುವ ಮಾತ್ರೆ) ತಗೊಳ್ಳುವವರು ಹೊರಡುವ ಮುಂಚೆ ಗ್ಲುಕೋಮೀಟರ್‌ನಲ್ಲಿ ನೋಡಲೇಬೇಕು. 90ಕ್ಕಿಂತ ಕಡಿಮೆ ಇದ್ದರೆ ಎರಡು ಏಲಕ್ಕಿ ಬಾಳೆಹಣ್ಣು ತಿಂದು ಹೊರಡಿ. 250 ದಾಟಿ, ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿದಾಗ ಬರುವ ಆಮ್ಲ) ಕಂಡರೆ ಅಂದು ನಡಿಗೆ ಬೇಡ. ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ನಡೆದರೆ ಔಷಧ ಬೇಗ ಹೀರಿ ಸಕ್ಕರೆ ಕುಸಿಯಬಹುದು. ಹೊಟ್ಟೆಗೆ ಚುಚ್ಚಿಕೊಳ್ಳುವುದು ವಾಸಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. 70ಕ್ಕಿಂತ ಇಳಿದರೆ 15 ಗ್ರಾಂ ಪುಡಿಯನ್ನು ನೀರಿಗೆ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಸಂಜೆ ಹೆಚ್ಚು ನಡೆದ ದಿನ ಮಧ್ಯರಾತ್ರಿಯಲ್ಲೂ ಸಕ್ಕರೆ ಇಳಿಯಬಹುದು.

ಒಂದು ಮಾತು ದಯವಿಟ್ಟು ಗಮನಿಸಿ: ಸಕ್ಕರೆ ಕಾಯಿಲೆಯಿಂದ ನರ ಸೊರಗಿದವರಿಗೆ ಹೃದಯಾಘಾತದಲ್ಲೂ ಎದೆನೋವು ಬಾರದೆ ಇರಬಹುದು. ಎಂದಿನ ದಾರಿಯಲ್ಲೇ ಏದುಸಿರು, ತಣ್ಣನೆ ಬೆವರು, ದವಡೆ ಸೆಳೆತ ಕಂಡರೆ ಗ್ಯಾಸ್ಟ್ರಿಕ್ ಅಂದುಕೊಳ್ಳದೆ ಕೂತು 108ಕ್ಕೆ ಕರೆ ಮಾಡಿ.

ಚಪ್ಪಲಿ ಬೇಡ, ಕಾಟನ್ ಮಿಶ್ರಿತ ಸಾಕ್ಸ್, ಬೆರಳಿಗೆ ಜಾಗವಿರುವ ಶೂ ಹಾಕಿ. ಬಂದ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಬೊಬ್ಬೆ ಇದ್ದರೆ ಒಡೆಯಬೇಡಿ, ವೈದ್ಯರಿಗೆ ತೋರಿಸಿ.