ತಪ್ಪಿಸಿಕೊಂಡವಳ ಬೆನ್ನ ಮೇಲೆ 12 ಲೀಟರ್ ನೀರು

ನನ್ನ ಕಥೆಯ ಹುಡುಗಿ ಮೊದಲ ಸಲ ಬೆಂಗಳೂರಿನಿಂದ ತಪ್ಪಿಸಿಕೊಂಡಿದ್ದು ಬಹಳ ಸುಲಭವಾಗಿ. ಮುಂದೆಂದೋ ಬರುವ ಬೆಂಗಳೂರು ಅದು. ನಲ್ಲಿ ಯಾರ ಕೈಲಿದೆಯೋ ಅವರದೇ ಆಳ್ವಿಕೆ. ಹುಡುಗಿ ಗೋಡೆ ಹಾರಿದಳು, ಡ್ರೋನ್‌ಗಳ ಕಣ್ಣು ತಪ್ಪಿಸಿದಳು, ನಾಲ್ಕು ರಾತ್ರಿ ನಡೆದು ಕಾವೇರಿ ಸೇರಿದಳು. ಬರೆದು ಮುಗಿಸಿದಾಗ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡಿದ್ದೆ. ಓದಿದ ತಂಗಿ ಕೇಳಿದ್ದು ಒಂದೇ: "ಅಲ್ಲಣ್ಣ, ಅಷ್ಟು ದಿನ ಇವಳು ಕುಡಿದಿದ್ದೇನು?"

ದಿನಕ್ಕೆ ಮೂರು ಲೀಟರ್ ಅಂದ್ರೂ ನಾಲ್ಕು ದಿನಕ್ಕೆ 12 ಲೀಟರ್. ಅಂದರೆ 12 ಕೆಜಿ. ನೋಡೇಬಿಡೋಣ ಅಂತ ಅಷ್ಟೂ ನೀರನ್ನು ಬಾಟಲಿಗಳಿಗೆ ತುಂಬಿ, ಬ್ಯಾಗಿಗೆ ಹಾಕಿ, ಮನೆಯ ಮೆಟ್ಟಿಲು ಹತ್ತಿ ಇಳಿದೆ. ಮೂರನೇ ಸಲಕ್ಕೆ ಬ್ಯಾಗಿನ ಪಟ್ಟಿ ಭುಜಕ್ಕೆ ಕಚ್ಚಿಕೊಂಡಿತು. ಭಾರ ಹೋಗಲಿ, ಸದ್ದು! ಅರ್ಧ ಕುಡಿದಿಟ್ಟ ಬಾಟಲಿ ಹೆಜ್ಜೆಗೊಮ್ಮೆ ಗುಳುಕ್ ಅನ್ನುತ್ತಿತ್ತು. ಕಾವಲಿನವರ ಪಕ್ಕದಲ್ಲೇ ಕದ್ದು ಹೋಗಬೇಕಾದವಳಿಗೆ ಇದಕ್ಕಿಂತ ದೊಡ್ಡ ಚಾಡಿಕೋರ ಬೇಕಾ? ಡ್ರೋನ್‌ಗಳನ್ನೆಲ್ಲ ಅವತ್ತೇ ಹೊಡೆದುಹಾಕಿದೆ. ಇಂಥ ಕಥೆಗಳಲ್ಲಿ ನಾವು ಯಂತ್ರಗಳಿಗೆ ಜಾಸ್ತಿ ಜಾಗ ಕೊಡುತ್ತೇವೆ, ಬಾಯಾರಿಕೆಗೆ ಕೊಡುವುದಿಲ್ಲ.

ದಾರಿಯೂ ಬದಲಾಯ್ತು. ಮೊದಲು ಸುಮ್ನೆ "ಕಾಡಿನ ಕಡೆ" ಅಂತ ಬರೆದಿದ್ದೆ. ನಿಜದಲ್ಲಿ ಕಾವೇರಿ ನೀರು ಬೆಂಗಳೂರಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ. ನಡುವೆ ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಮತ್ತೆ ಪಂಪ್ ಮಾಡಿ, ಒಟ್ಟು 500 ಮೀಟರ್‌ನಷ್ಟು ಮೇಲಕ್ಕೆ ಎತ್ತುತ್ತಾರೆ. ನೀರು ಹತ್ತಿ ಬಂದ ದಾರಿಯಲ್ಲೇ ಇವಳು ಇಳಿದುಹೋಗಲಿ ಅಂದುಕೊಂಡೆ. ಪೈಪಿಗೆ ಕಿವಿಯಿಟ್ಟರೆ ಒಳಗೆ ನೀರಿನ ಮೊರೆತ, ಇವಳ ನಾಲಿಗೆ ಮಾತ್ರ ಒಣಗಿದೆ. ಎಲ್ಲೋ ಒಂದು ಕಡೆ ಜಾಯಿಂಟ್ ಸೋರುತ್ತಿದೆ. ಅಲ್ಲಿ ಮಾತ್ರ ಹಸಿರು ಹುಲ್ಲು. ಆದರೆ ಆ ಹುಲ್ಲು ಕಾವಲಿನವರಿಗೂ ಕಾಣುತ್ತದಲ್ವಾ? ಕಥೆಗೆ ಬೇಕಾಗಿದ್ದ ಭಯ ಅಲ್ಲಿ ತಾನಾಗಿ ಸಿಕ್ಕಿತು.

ಆ ಗುಳುಕ್ ಸದ್ದಿಗೆ ಉಪಾಯವನ್ನು ಅವಳಿಗಿಂತ ಮೊದಲು ನಾನೇ ಮೆಟ್ಟಿಲ ಮೇಲೆ ಕಲಿತೆ. ತುಂಬಿದ ಬಾಟಲಿ ಸದ್ದು ಮಾಡುವುದಿಲ್ಲ, ಖಾಲಿಯದೂ ಮಾಡುವುದಿಲ್ಲ. ಹಾಗಾಗಿ ಗುಟುಕು ಗುಟುಕಾಗಿ ಕುಡಿಯುವ ಭಾಗ್ಯ ಅವಳಿಗಿಲ್ಲ. ಮುಚ್ಚಳ ತೆಗೆದರೆ ಪೂರ್ತಿ ಮುಗಿಸಬೇಕು. ಹಾರೋಹಳ್ಳಿ ದಾಟುವ ಹೊತ್ತಿಗೆ ಅವಳ ಹತ್ತಿರ ಒಂದೇ ಬಾಟಲಿ ಉಳಿದಿತ್ತು. ಅದರ ಮುಚ್ಚಳವನ್ನು ಎರಡು ಪುಟ ತೆಗೆಸಲೇ ಇಲ್ಲ ನಾನು.